ಮೂಲಾ ನಕ್ಷತ್ರ ಮತ್ತು ವೆಬ್‌ಕ್ಯಾಮ್

ಮಗಳು ಮೂಲಾ ನಕ್ಷತ್ರದಲ್ಲಿ ಹುಟ್ಟಿದ್ದರಿಂದ ಶಾಂತಿ ಹೋಮ ಆಗುವವರೆಗೆ ತಂದೆಯಾದ ನಾನು ಅವಳ ಮುಖ ನೋಡುವಂತಿರಲಿಲ್ಲ. ಹೆಂಡತಿ ಬಾಣಂತನಕ್ಕೆಂದು ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂನ ತವರಿನಲ್ಲಿದ್ದಳು. ವಿಶಾಖಪಟ್ಟಣದಲ್ಲಿ ಕೆಲಸಕ್ಕಿದ್ದ ನಾನು ಅಲ್ಲಿನ ಪೆಂಡುರ್ತಿ ಬಡಾವಣೆಯ ಬಾಡಿಗೆ ಮನೆಯಲ್ಲಿ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗುತ್ತಿದ್ದೆ. ಬಂದರೂ ಹೊಸ್ತಿಲಾಚೆಯೇ ನಿಲ್ಲಬೇಕು ಎಂದು ಅತ್ತೆ ಹೇಳಿಬಿಟ್ಟಿದ್ದರು. ನನಗೆ ನಕ್ಷತ್ರಗಳ ಮೇಲೆ ನಂಬಿಕೆ ಇರಲಿಲ್ಲ, ಅತ್ತೆಯ ಭಯವಂತೂ ಇತ್ತು.

ಕಂಪ್ಯೂಟರಿನಲ್ಲಿ ನೋಡಬಾರದೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲವಲ್ಲ! ಕೊರಿಯರಿನಲ್ಲಿ ಒಂದು ವೆಬ್‌ಕ್ಯಾಮ್ ಕಳಿಸಿದೆ. ತೊಡಕೆಂದರೆ, ಮಾವನ ಕಂಪ್ಯೂಟರಿಗೆ ನಾನೇ ಉತ್ಸಾಹದಿಂದ ಲಿನಕ್ಸ್ ಹಾಕಿಕೊಟ್ಟಿದ್ದೆ, ಆ ಕ್ಯಾಮೆರಾ ನಡೆಸುವ ಸಿದ್ಧ ಡ್ರೈವರ್ ತಂತ್ರಾಂಶ ಅದರಲ್ಲಿ ಇರಲಿಲ್ಲ. ಸೋರ್ಸ್ ಕೋಡ್ ಇಳಿಸಿಕೊಂಡು ಅಲ್ಲೇ ಕಂಪೈಲ್ ಮಾಡಿ ತಯಾರಿಸಬೇಕಿತ್ತು. ಮಾಡಬೇಕಾದವರು ಮಾವ, ಫೋನಿನಲ್ಲಿ ಹೇಳಿಕೊಡಬೇಕಾದವನು ನಾನು.

ಮಾವ ಬಳ್ಳಾರಿ ಕಡೆಯವರು. ಇಬ್ರಾಹಿಂಪಟ್ನಂನ ಥರ್ಮಲ್ ವಿದ್ಯುತ್ ಸ್ಟೇಷನ್ನಿನ ಕಂಟ್ರೋಲ್ ರೂಮಿನಲ್ಲಿ ಮೀಟರ್ ಓದಿ ಓದಿ ನಿವೃತ್ತರಾಗಿದ್ದರು, ಅವರ ಕನ್ನಡಕ್ಕೆ ನಮ್ಮ ‘ರೀ’ಯಂಥ ತೆಲುಗಿನ ‘ಅಂಡಿ’ ಅಂಟಿಕೊಂಡಿತ್ತು. ಭಾನುವಾರ ಬೆಳಿಗ್ಗೆ ಶುರು ಮಾಡಿದೆವು. ಕಂಪೈಲ್ ಶುರು ಮಾಡುವ ‘ಮೇಕ್’ ಆಜ್ಞೆಯನ್ನು ಟೈಪ್ ಮಾಡಿಸಿದ್ದೇ ತಡ, ಪರದೆಯ ಮೇಲೆ ಬಂದ ಒಂದೊಂದು ಸಾಲನ್ನೂ ಅವರು ಗಟ್ಟಿಯಾಗಿ ಓದತೊಡಗಿದರು, ಸ್ಲಾಷ್, ಡಾಟ್, ಡ್ಯಾಶ್ ಒಂದನ್ನೂ ಬಿಡದೆ. ಕೊನೆಯ ಸಾಲು ಸಾಕು ಮಾವ ಎಂದೆ. ನಡುವೆ ಹಾರಿಸಿ ಓದಿ ಅಭ್ಯಾಸವಿಲ್ಲ ಎಂದರು. ಹಿಂದೆಲ್ಲೋ ಮಗು ಅಳುವುದು ಕೇಳುತ್ತಿತ್ತು. ಫೋನಿನೊಳಗೇ ನುಗ್ಗಿಬಿಡೋಣ ಅನ್ನಿಸಿತು.

ಅಂತೂ ಓದು ಎರರಿಗೆ ಬಂದು ನಿಂತಿತು. ಲಿನಕ್ಸಿನ ತಿರುಳಾದ ಕರ್ನಲ್ಲಿನ ಸೋರ್ಸ್ ಇಲ್ಲದೆ ಡ್ರೈವರ್ ತಯಾರಾಗದು, ಅದು ಇನ್‌ಸ್ಟಾಲೇಷನ್ ಸಿಡಿಯಲ್ಲಿತ್ತು. ಸಿಡಿ ಹುಡುಕಲು ಎದ್ದ ಮಾವ ಎಷ್ಟು ಹೊತ್ತಾದರೂ ಬರಲೇ ಇಲ್ಲ. ಕಾಫಿ ಕುಡಿಯುತ್ತ ಕೂತಿರಬೇಕೆಂದು ಹಲ್ಲು ಕಡಿದೆ. ಬಂದ ಮೇಲೆ ಸಿಡಿಯಿಂದ ಸೋರ್ಸ್ ಹಾಕಿಸಿ ಮತ್ತೆ ಮೇಕ್, ಮತ್ತೆ ಅದೇ ಪಾರಾಯಣ. ಈ ಸಲ ಓದುತ್ತ ಓದುತ್ತ ಥಟ್ಟನೆ ಸುಮ್ಮನಾದರು. ಇನ್ನು ಸಾಲುಗಳಿಲ್ಲ, ಮುಗಿದ ಹಾಗಿದೆ ಎಂದರು. ಡ್ರೈವರ್ ಲೋಡ್ ಮಾಡಿಸಿದೆ, ಕ್ಯಾಮೆರಾದ ದೀಪ ಹತ್ತಿತು.

ಆದರೆ ನನ್ನ ಪರದೆಯಲ್ಲಿ ಮೂಡಿದ್ದು ಮಗುವಲ್ಲ, ಒಂದು ಕಂಚಿನ ಬಟ್ಟಲು. ಕ್ಯಾಮೆರಾ ಎತ್ತಲೋ ತಿರುಗಿದೆ ಎಂದು ರೇಗಿದೆ.

“ಸರಿಯಾಗೇ ಇದೆ ಅಂಡಿ. ಶಾಂತಿ ದಿನಾನೂ ತಂದೆ ಮೊದಲು ಎಣ್ಣೇಲೇ ಅಲ್ವಾ ಮಗು ಮುಖ ನೋಡೋದು? ಸಿಡಿ ಹುಡುಕೋ ನೆಪದಲ್ಲಿ ನಿಮ್ಮತ್ತೇನ ಇಷ್ಟಕ್ಕೆ ಒಪ್ಪಿಸ್ಕೊಂಡು ಬಂದೆ.”

ಚಿತ್ರ ನಿಂತು ನಿಂತು ಬರುತ್ತಿತ್ತು. ಬಟ್ಟಲಿನ ಎಣ್ಣೆ ಅಲುಗಾಡಿತು, ಆಮೇಲೆ ತಿಳಿಯಾಯಿತು. ಅದರಲ್ಲಿ ಪುಟ್ಟ ಮುಖವೊಂದು ಆಕಳಿಸಿತು. ಆ ತಲೆಗೆ ಆನಿಸಿದ ಅಂಗೈ ನನ್ನ ಹೆಂಡತಿಯದು. ನಾನು ಪರದೆಗೆ ಮೂಗು ತಾಗುವಷ್ಟು ಬಾಗಿದೆ. ಮಾವ ಫೋನಿನಲ್ಲಿ ಕೇಳುತ್ತಲೇ ಇದ್ದರು:

“ಕಾಣಿಸ್ತಾ ಇದೆಯಾ ಅಂಡಿ?”