ಬಂದವರಿಗೆಂದು ಇಟ್ಟ ನೀರು

ರಾಯಚೂರಿನ ನಮ್ಮ ಪ್ರಯೋಗಾಲಯದಲ್ಲಿ ಕುಡಿಯುವ ನೀರಿನ ಆರ್ಸೆನಿಕ್ ಕುರಿತು ಸಂಶೋಧನೆ ನಡೆದಿತ್ತು. ನಡೆಸುವವರು ಪ್ರೊಫೆಸರು, ಬಾಟಲಿ ಹೊರುವವನು, ಬೈಸಿಕೊಳ್ಳುವವನು ನಾನು. ಮಾನ್ವಿ ಮುಗಿಸಿ ದೇವದುರ್ಗದ ಕಡೆ ಹೊರಟಾಗ ಜೀಪಿನಲ್ಲಿ ನಮಗೆಂದೇ ಕೊಂಡ ನೀರಿನ ಪೆಟ್ಟಿಗೆ ಇತ್ತು. ಹಳ್ಳಿಯ ನೀರನ್ನು ನಾವು ಅಧ್ಯಯನ ಮಾಡುತ್ತಿದ್ದೆವು, ಕುಡಿಯುತ್ತಿರಲಿಲ್ಲ.

ಮಸರಕಲ್ ಆಚೆಯ ಒಂದು ಹಳ್ಳಿಯಲ್ಲಿ ಬೋರಿಂಗ್ ಕೈಪಂಪು ಇದ್ದದ್ದು ಒಬ್ಬ ಮುದುಕಿಯ ಮನೆಯ ಮುಂದೆ. ಆಕೆಯ ಅಂಗೈ ತುಂಬ ಗಟ್ಟಿ ಗಂಟುಗಳು. ಆರ್ಸೆನಿಕ್ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಕೈ ಹೀಗಾಗುತ್ತದೆಂದು ಓದಿದ್ದೆ. ಸೊಸೆ ಚೊಚ್ಚಲ ಬಸುರಿ, ಕುಡಿಯುವುದು ಅದೇ ನೀರು. ನನಗೆ ಅವಳದೇ ಚಿಂತೆ ಹತ್ತಿತು. ಪ್ರೊಫೆಸರು ಬೇವಿನ ನೆರಳು ಬಿಟ್ಟು ಏಳಲಿಲ್ಲ, ನನ್ನನ್ನೂ ಏಳಗೊಡಲಿಲ್ಲ. "ಅವರೇ ತುಂಬಿಕೊಡ್ತಾರೆ ಬಿಡು" ಎಂದು ಬಾಟಲಿಗಳನ್ನು ಮುದುಕಿಯ ಕೈಗಿತ್ತರು. ಆಕೆ ತುಂಬಿ ತಂದಳು.

ಫಲಿತಾಂಶ ಬಂತು: ನೀರು ಶುದ್ಧ. ಕೈಯ ಗಂಟು ಕೂಲಿ ಕೆಲಸದಿಂದ ಬಂದದ್ದು ಎಂದು, ಜನ್ಮದಲ್ಲಿ ಕುಡುಗೋಲು ಹಿಡಿಯದ ಪ್ರೊಫೆಸರು ತೀರ್ಪಿತ್ತರು. ನನಗೆ ಮೈಯೆಲ್ಲ ಉರಿಯಿತು. ಶುಭವಾರ್ತೆ ಹೇಳಲು ಅವರು ಖುದ್ದಾಗಿ ಆ ಊರಿಗೆ ಬಂದರು, ಜನ ಸೇರಿಸಿದರು.

"ನೀರು ತಗೊಂಡು ಬಾರಮ್ಮ, ಎಲ್ಲರೆದುರು ಕುಡಿದು ತೋರಿಸ್ತೀನಿ."

ತಂಬಿಗೆ ಬಂತು. ಗಟಗಟ ಕುಡಿದು ಮೀಸೆ ಒರೆಸಿಕೊಂಡರು. "ನೋಡಿ, ಎಷ್ಟು ಸಿಹಿಯಾಗಿದೆ!"

"ಇರಲಾರದ ಏನ್ರೀ ಸಾಹೇಬ್ರ," ಮುದುಕಿ ಹಿಗ್ಗಿದಳು. "ಫಿಲ್ಟರ್ ನೀರದು. ಮಗ್ಗಲ ಊರಿಂದ ಒಂದು ಕೊಡ ತಂದು, ಬಂದವರಿಗಂತ ಇಟ್ಟಿರ್ತೀವಿ. ಅವತ್ತು ನಿಮ್ಮ ಬಾಟ್ಲಿಗೂ ಅದನ್ನೇ ತುಂಬೀನಿ. ಮನಿಗೆ ಬಂದವರ ಕೈಯಾಗ ಬೋರಿಂಗ್ ನೀರು ಹೆಂಗ ಕೊಡ್ಲಿ?"

"ಮತ್ತ ನಿಮ್ಮ ಸೊಸಿಗಿ?" ಎಂದೆ ನಾನು.

"ಆಕಿ ಮನಿಯಾಕಿ ಅಲ್ಲೇನ್ರೀ!"

ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬುದನ್ನು ಕೇಳಿದ್ದೆ. ಅದನ್ನು ಕೊಡದಲ್ಲಿ ತುಂಬಿಟ್ಟದ್ದನ್ನು ಕಂಡದ್ದು ಅಂದೇ. ಪ್ರೊಫೆಸರರ ಮುಖ ಹುಳ್ಳಗಾಯಿತು. ನಾನೇ ಬೋರಿಂಗ್ ಹೊಡೆದು ಬಾಟಲಿ ತುಂಬಿಕೊಂಡೆ. ಈ ಸಲ ಆರ್ಸೆನಿಕ್ ಸಿಕ್ಕಿತು. "ಕಂಡುಹಿಡಿದೆವು" ಎಂದು ಪ್ರೊಫೆಸರು ಸಭೆಯಲ್ಲಿ ಶಾಲು ಹೊದ್ದರು. ಕುಡಿಯಬಾರದೆಂದು ಬೋರಿಂಗಿಗೆ ಕೆಂಪು ಬಣ್ಣ ಬಿತ್ತು. ಹೊಳೆ ನೀರಿನ ಪೈಪು ಕಾಗದದ ಮೇಲೆ ಆಗಲೇ ಹರಿಯುತ್ತಿತ್ತು.

ಆ ನೀರು ಊರಿಗೆ ಬರುವವರೆಗೆ ಫಿಲ್ಟರ್ ಕೊಡ ಸೊಸೆಗೇ ಇರಲಿ ಎಂದು ಮುದುಕಿಗೆ ಹೇಳಿದೆ. "ಬಂದವರು ಬಾಯಾರಿ ಹೋಗ್ಬೇಕೇನು?" ಎಂದು ಆಕೆ ಮುಖ ತಿರುಗಿಸಿದಳು. ಆ ಮುದುಕಿಯ ಮರ್ಯಾದೆಯ ಮೇಲೆ ನನಗೆ ಬಂದಷ್ಟು ಸಿಟ್ಟು ಪ್ರೊಫೆಸರರ ಮೇಲೂ ಬಂದಿರಲಿಲ್ಲ.

ಮುಂದಿನ ತಿಂಗಳು ಸುಡುಬಿಸಿಲಲ್ಲಿ ಹೋಗಿ ಅವರ ಕಟ್ಟೆಯ ಮೇಲೆ ಕುಳಿತೆ. ತಂಬಿಗೆ ಬರಲಿಲ್ಲ. ಮುದುಕಿ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು.

"ತಪ್ಪು ತಿಳ್ಕೋಬ್ಯಾಡ್ರೀ. ಇರೋ ಒಂದು ಕೊಡ ಸೊಸಿಗಿ ಇಟ್ಟೀನಿ. ನಿಮಗ ಕೊಡಾಕ ನೀರಿಲ್ಲ."

ಗಂಟಲು ಒಣಗಿತ್ತು. ಆದರೂ ಯಾರ ಮನೆಯ ನೀರು ಕುಡಿದಾಗಲೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ.