ಭಾವನ ಸಡಿಲ ಕೈ

ನಮ್ಮ ಭಾವ ನಗರಸಭೆಯಲ್ಲಿ ನಳದ ಅರ್ಜಿ ತೆಗೆದುಕೊಳ್ಳುವ ಗುಮಾಸ್ತರು. ಅವರ ಕೈ ಚುರುಕಾಗುವುದು ಊಟದ ತಟ್ಟೆಯ ಮುಂದೆ ಮಾತ್ರ ಎಂದು ರೋಸಿಹೋದ ಅಕ್ಕ, ಅವರನ್ನು ಚೀನೀ ಸಮರಕಲೆಯ ತರಗತಿಗೆ ಅಟ್ಟಿದಳು, ಕಾವಲಿಗೆ ನನ್ನನ್ನೂ.

ಅಲ್ಲಿ ಇಬ್ಬರು ಎದುರುಬದುರು ನಿಂತು ಮಣಿಕಟ್ಟಿಗೆ ಮಣಿಕಟ್ಟು ತಾಗಿಸಬೇಕು. ಒಬ್ಬ ತಳ್ಳಿದರೆ ಇನ್ನೊಬ್ಬ ಎದುರಿಸದೆ, ಮೈ ಸಡಿಲ ಬಿಟ್ಟು, ಆ ಬಲವನ್ನು ಪಕ್ಕಕ್ಕೆ ಸಾಗಹಾಕಬೇಕು. ಮೈ ಬಿಗಿಯಾದರೆ ಎದುರಿನವನ ಬಲ ಎತ್ತ ಬರುತ್ತಿದೆ ಎಂಬ ಸುಳಿವು ಕೈಗೆ ಸಿಗುವುದಿಲ್ಲ ಎಂಬುದು ಗುರುಗಳ ಪಾಠ. ನಾನು ಹಲ್ಲು ಕಚ್ಚಿ ತಳ್ಳಿದೆ. ಭಾವ ಆಕಳಿಸುತ್ತಲೇ ಮಣಿಕಟ್ಟು ತಿರುಗಿಸಿದರು. ನಾನು ಹೋಗಿ ಗೋಡೆಗೆ ಮೂಗು ಕೊಟ್ಟೆ.

"ಇಂಥ ಕೈ ನಾನು ನೋಡೇ ಇಲ್ಲ! ಎಲ್ಲಿ ಕಲಿತ್ರಿ?" ಗುರುಗಳು ಬೆರಗಾದರು. ಭಾವ ನಾಚಿಕೊಂಡರು.

ಮರುವಾರ ತರಗತಿಯ ಕೊಠಡಿಗೆ ನಳ ಬೇಕೆಂದು ಗುರುಗಳು ಭಾವನ ಕೌಂಟರಿಗೇ ಬಂದರು. ದಾರಿ ತೋರಿಸಲು ನಾನೂ ಹೋಗಿದ್ದೆ.

"ಪಕ್ಕದಲ್ಲಿ ಕೇಳಿ," ಎಂದರು ಭಾವ, ತಲೆ ಎತ್ತದೆ. ಪಕ್ಕದವರು ಮಹಡಿಗೆ ಕಳಿಸಿದರು. ಮಹಡಿಯವರು ಮತ್ತೆ ಭಾವನ ಹತ್ತಿರವೇ ಕಳಿಸಿದರು. ಗುರುಗಳು ಹಲ್ಲು ಕಡಿದು ಮೇಜು ಗುದ್ದಿದರು.

"ಗುರುಗಳೇ, ಮೈ ಬಿಗಿ ಮಾಡ್ಕೋಬೇಡಿ," ಎಂದರು ಭಾವ, ಅಕ್ಕರೆಯಿಂದ. "ನಾಳೆ ಬನ್ನಿ."