ಶಾಂತಕ್ಕನ ಗಿಟಾರಿನ ತಂತಿ ಇಳಿಸಿದ್ದು

ಕೊಂಢವಾ ಬಡಾವಣೆಯಲ್ಲಿರುವ ನನ್ನ ಗಿಟಾರ್ ರಿಪೇರಿ ಅಂಗಡಿಗೆ ಶಾಂತಕ್ಕ ಬಂದಾಗ ಅವರ ಎಡಗೈ ಬೆರಳುಗಳು ಬಾತುಕೊಂಡಿದ್ದವು. ಮದುವೆ ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು. ಸಂಧಿವಾತದಿಂದಾಗಿ ತಂತಿ ಒತ್ತಲಾಗುತ್ತಿರಲಿಲ್ಲ.

“ತೆಳ್ಳನ ತಂತಿ ಹಾಕ್ಲೇನ್ರಿ?” ಎಂದೆ.

“ಬ್ಯಾಡ್ರಿ, ದನಿ ಸಪ್ಪಗಾಗ್ತದ. ಈ ದನಿ ಹೋದ್ರ ನಾ ನುಡಿಸೂದ ಬಿಡ್ತೀನಿ.”

ಉಳಿದದ್ದು ಒಂದೇ ದಾರಿ. ಗಿಟಾರಿನ ಬಾಗಿದ ಕತ್ತನ್ನು ಒಳಗಿನ ಕಬ್ಬಿಣದ ಸರಳು ಬಿಗಿದು ನೇರ ಮಾಡಿ, ತಂತಿಗಳನ್ನು ಕತ್ತಿಗೆ ಹತ್ತಿರವಾಗುವಂತೆ ಕೆಳಗಿಳಿಸಬೇಕು; ಆಗ ಮೆಲ್ಲಗೆ ಒತ್ತಿದರೂ ಸಾಕು. ಸರಳು ತುಂಡಾದರೆ ಗಿಟಾರಿನ ಕತೆ ಮುಗಿದಂತೆ. ತಂತಿ ಸಡಿಲಿಸಿ, ಸರಳಿನ ತುದಿಯ ನಟ್ಟಿಗೆ ಪಾನಾ ಹಾಕಿ ತಿರುಗಿಸಿದೆ. ಅಲುಗಲಿಲ್ಲ. ಇನ್ನಷ್ಟು ಬಲ ಹಾಕಿದೆ. ‘ಕಟಕ್’ ಎಂದಿತು.



“ಮುರೀತೇನ್ರಿ?” ಎಂದರು ಶಾಂತಕ್ಕ. ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ಕತ್ತಿನ ಉದ್ದಕ್ಕೂ ಬೆರಳಾಡಿಸಿ ಬಿರುಕು ಹುಡುಕಿದೆ, ಸಿಗಲಿಲ್ಲ. ಮತ್ತೆ ತಿರುಗಿಸಿದಾಗ ಪಾನಾ ಮೆತ್ತಗೆ ಸರಿಯಿತು. ಸದ್ದು ಮಾಡಿದ್ದು ತುಕ್ಕು ಹಿಡಿದಿದ್ದ ನಟ್ಟು, ಅಷ್ಟೇ.

ತಂತಿ ಇಳಿಸಿ, ಶ್ರುತಿ ಮಾಡಿ ಕೊಟ್ಟೆ. ಶಾಂತಕ್ಕ ಕಣ್ಣುಮುಚ್ಚಿ ನುಡಿಸಿದರು. ಅದೇ ತುಂಬು ದನಿ.

“ಬೆಣ್ಣಿ ಒತ್ತಿದಂಗ ಅದ ರೀ!” ಎಂದು ನಕ್ಕರು. ಆಮೇಲೆ ಮೆಲ್ಲಗೆ ಹೇಳಿದರು: “ಇಷ್ಟು ಹಗುರಾತಂತ ನಮ್ಮ ಮನಿಯವ್ರಿಗೆ ಮಾತ್ರ ಹೇಳಬ್ಯಾಡ್ರಿ. ನನ್ನ ಬೆರಳು ನೋಯ್ತಾವಂತ ಭಾಂಡೆ-ಪಾತ್ರಿ ಎಲ್ಲಾ ಅವರೇ ತಿಕ್ಕಾಕತ್ತಾರ.”